ಹಳೆಯ ಕಾರಿನ ಹೀಟರ್: ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ ಏಕೆ?

ಡಿಸೆಂಬರಿನಲ್ಲಿ ಬೆಳಗಿನ ಆರು ಗಂಟೆಗೆ ತೀರ್ಥಹಳ್ಳಿ ಬಿಟ್ಟರೆ ಮಂಡಗದ್ದೆ ದಾಟುವವರೆಗೂ ತುಂಗೆಯ ಮೇಲಿನ ಮಂಜು ಜೊತೆಗೇ ಬರುತ್ತದೆ. ಕಳೆದ ಚಳಿಗಾಲದಲ್ಲಿ ನಮ್ಮ ಹಳೆಯ ಕಾರಿನ ಹೀಟರ್ ಹಾಕಿದರೆ ನನ್ನ ಬದಿಗೆ ಬಿಸಿಗಾಳಿ, ಪಕ್ಕದಲ್ಲಿ ಕುಳಿತ ಅಮ್ಮನಿಗೆ ತಣ್ಣನೆಯ ಗಾಳಿ. ಗ್ಯಾರೇಜಿನಲ್ಲಿ ತೋರಿಸಿದಾಗ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹೀಟರ್ ಕಾಯಿಲ್ ಬದಲಿಸಬೇಕೆಂದರು. ಕಾಯಿಲ್‌ಗೆ ಏನೂ ಆಗಿರಲಿಲ್ಲ. ಹೋಸ್ ಪೈಪಿನ ಒಂದು ಕ್ಲಿಪ್ ಸಡಿಲವಾಗಿ, ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಇಳಿದಿತ್ತು. ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲು ಮನೆಯಂಗಳದಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ.

ಹೀಟರಿಗೆ ಬೇರೆ ಒಲೆಯಿಲ್ಲ. ಎಂಜಿನ್ನನ್ನು ಸುತ್ತಿ ಬಿಸಿಯಾದ ಕೂಲಂಟ್ ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಚಿಕ್ಕ ರೇಡಿಯೇಟರಿಗೆ, ಅಂದರೆ ಹೀಟರ್ ಕಾಯಿಲ್‌ಗೆ, ಹೋಗಿ ಬರುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ. ಕೂಲಂಟ್ ಕಡಿಮೆಯಾದರೆ ಕಾಯಿಲ್‌ನ ಒಂದು ಭಾಗದಲ್ಲಿ ಗಾಳಿ ತುಂಬಿಕೊಂಡು ಆ ಬದಿಯ ಕಿಂಡಿ ತಣ್ಣಗಾಗುತ್ತದೆ.

ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಗ್ಗೆ ಕಾರು ತೆಗೆಯುವ ಮೊದಲೇ, ರೇಡಿಯೇಟರ್ ಮುಚ್ಚಳ ತೆಗೆದು ಮಟ್ಟ ನೋಡಿ. ಬಿಸಿಯಿರುವಾಗ ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕೂಲಂಟಿನ ಬಣ್ಣವನ್ನೂ ಗಮನಿಸಿ. ದಾರಿಯಲ್ಲಿ ಸಿಕ್ಕಿದ ಹಳ್ಳದ ನೀರನ್ನೋ ಬಾವಿ ನೀರನ್ನೋ ಸುರಿದುಕೊಂಡು ಬಂದ ಕಾರುಗಳಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪು ರಾಡಿ ಕಾಣಿಸುತ್ತದೆ. ಆ ರಾಡಿಯೇ ಕಾಯಿಲ್‌ನ ಸಣ್ಣ ನಾಳಗಳನ್ನು ಕಟ್ಟುವುದು.

ಇನ್ನು ಮುಖ್ಯ ಪರೀಕ್ಷೆ. ಎಂಜಿನ್ ಹಾಕಿ, ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಉಷ್ಣತೆಯ ಮುಳ್ಳು ಮಾಮೂಲಿ ಜಾಗಕ್ಕೆ ಬರುವವರೆಗೆ ಕಾಯಿರಿ. ಬಳಿಕ ಎಂಜಿನ್ ಆರಿಸಿ, ಎಂಜಿನ್ ಕೋಣೆಯ ಹಿಂಗೋಡೆಯೊಳಗೆ ಹೋಗುವ ಆ ಎರಡು ಪೈಪುಗಳನ್ನು ದಪ್ಪ ಬಟ್ಟೆ ಹಿಡಿದು ಒಂದು ಕ್ಷಣ ಮುಟ್ಟಿ. ವಿದ್ಯುತ್ ಫ್ಯಾನ್ ಆರಿಸಿದ ಮೇಲೂ ತಿರುಗಬಹುದು, ಶಾಲು ಮತ್ತು ಸೆರಗು ದೂರವಿರಲಿ.

ಒಂದು ಪೈಪ್ ಸುಡುವಂತಿದ್ದು ಇನ್ನೊಂದು ತಣ್ಣಗಿದ್ದರೆ ಕಾಯಿಲ್ ಕಟ್ಟಿದೆ, ಇಲ್ಲವೇ ಕಾಯಿಲ್‌ಗೆ ಕೂಲಂಟ್ ಬಿಡುವ ಹೀಟರ್ ವಾಲ್ವ್ ತೆರೆದುಕೊಳ್ಳುತ್ತಿಲ್ಲ. ವಾಲ್ವ್‌ನ ಕೇಬಲ್ ಎಳೆಯುತ್ತಿದೆಯೇ ಎಂದು ಮೊದಲು ನೋಡಿ, ಅದು ಕೆಲವೇ ನಿಮಿಷದ ಕೆಲಸ. ಎರಡೂ ಬರೀ ಉಗುರುಬೆಚ್ಚಗಿದ್ದು ಉಷ್ಣತೆಯ ಮುಳ್ಳೂ ಮೇಲೇರದಿದ್ದರೆ, ಬಿಸಿಯಾದ ಕೂಲಂಟನ್ನು ಮುಂದಿನ ದೊಡ್ಡ ರೇಡಿಯೇಟರಿಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದೇ ನಿಂತಿರುವ ಸಂಭವ ಹೆಚ್ಚು. ಅದು ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಗುವವರೆಗೆ ಮುಚ್ಚಿರಬೇಕು. ನಿಂತಾಗ ತಣ್ಣನೆಯ ಗಾಳಿ, ಆಕ್ಸಿಲರೇಟರ್ ಒತ್ತಿದಾಗ ಬಿಸಿ ಎಂದಾದರೆ ಕೂಲಂಟ್ ಕಡಿಮೆಯಿದೆ ಅಥವಾ ಗಾಳಿ ಸಿಕ್ಕಿಕೊಂಡಿದೆ.

ಸಿಕ್ಕಿಕೊಂಡ ಗಾಳಿಯನ್ನು ಬಿಡಿಸಲು ಮಲೆನಾಡಿನ ಏರು ಅಂಗಳಗಳೇ ಅನುಕೂಲ. ಎಂಜಿನ್ ತಣ್ಣಗಿರುವಾಗ ಕಾರಿನ ಮೂತಿ ಮೇಲಿರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳ ಹಿಂದೆ ಕಲ್ಲು ಕೊಡಿ. ಮುಚ್ಚಳ ತೆಗೆದು, ಹೀಟರ್ ಪೂರ್ತಿ ತೆರೆದು ಎಂಜಿನ್ ಓಡಿಸಿ. ಗುಳ್ಳೆಗಳು ಬಂದಂತೆಲ್ಲ ಮಟ್ಟ ಇಳಿಯುತ್ತದೆ; ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲಿನಲ್ಲಿ ಬೆರೆಸಿ ಸ್ವಲ್ಪಸ್ವಲ್ಪವೇ ಸೇರಿಸಿ. ಗುಳ್ಳೆ ನಿಂತ ಮೇಲೆ, ಉಕ್ಕುವ ಮೊದಲೇ ಮುಚ್ಚಿಬಿಡಿ. ಚೆಲ್ಲಿದ್ದನ್ನು ತಕ್ಷಣ ತೊಳೆಯಿರಿ. ಸಿಹಿಯಾಗಿರುವ ಕೂಲಂಟನ್ನು ನಾಯಿ, ಕರುಗಳು ನೆಕ್ಕುತ್ತವೆ, ಅದು ಅವುಗಳಿಗೆ ಮಾರಕ ವಿಷ.

ಕಾಯಿಲ್ ಕಟ್ಟಿರುವುದು ಖಚಿತವಾದರೆ ಎರಡೂ ಪೈಪುಗಳನ್ನು ಬಿಡಿಸಿ, ನೀರು ಹೊರಬರುವ ಕಡೆಯಿಂದ ತೋಟದ ಪೈಪಿನ ನೀರನ್ನು ಸಣ್ಣಗೆ ಬಿಟ್ಟು ತಿಳಿಯಾಗುವವರೆಗೆ ತೊಳೆಯಬಹುದು. ಜೋರಾಗಿ ಬಿಟ್ಟರೆ ಹಳೆಯ ಕಾಯಿಲ್ ಒಡೆಯುತ್ತದೆ.

ಎರಡು ಪೈಪುಗಳೂ ಚೆನ್ನಾಗಿ ಬಿಸಿಯಿದ್ದರೆ ದೋಷ ಗಾಳಿಯ ದಾರಿಯಲ್ಲಿದೆ. ಗುಂಡಿ ತಿರುಗಿಸುವಾಗ, ಗಾಳಿಯನ್ನು ಕಾಯಿಲ್ ಕಡೆಗೆ ತಿರುಗಿಸುವ ಒಳಗಿನ ರೆಕ್ಕೆ ಬಡಿದ ಸದ್ದು ಕೇಳದಿದ್ದರೆ ಕೇಬಲ್ ಕಳಚಿರಬಹುದು. ಗಾಜಿನ ಬುಡದ ಜಾಲರಿಯಲ್ಲಿ ಎಲೆ ತುಂಬಿದೆಯೇ ನೋಡಿ. ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ಕಾರು ನಿಲ್ಲಿಸುವ ಮನೆಗಳಲ್ಲಿ ಬ್ಲೋವರಿನೊಳಗೆ ಇಲಿಗಳು ಗೂಡು ಮಾಡಿರುತ್ತವೆ; ಗಾಳಿ ಕಡಿಮೆ, ವಾಸನೆ ಹೆಚ್ಚು ಎಂದರೆ ಅಲ್ಲೇ ಹುಡುಕಿ.

ಇನ್ನೊಂದು ಲಕ್ಷಣವನ್ನು ಮಾತ್ರ ಮುಂದೂಡಬೇಡಿ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಒಳಮೈಗೆ ಅಂಟುವ ಜಿಡ್ಡು, ಕಾಲಡಿಯ ಮ್ಯಾಟ್ ಒದ್ದೆ ಇದ್ದರೆ ಕಾಯಿಲ್ ನಿಜಕ್ಕೂ ಸೋರುತ್ತಿದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇಳಿಯುವಾಗ ಆ ಜಿಡ್ಡಿನ ಮೇಲೆ ಹಬೆ ಕಟ್ಟಿದರೆ ಎದುರಿನ ಬಸ್ಸೇ ಕಾಣುವುದಿಲ್ಲ. ಆಗ ಡ್ಯಾಶ್‌ಬೋರ್ಡ್ ಬಿಚ್ಚಿಸುವುದೇ ಸರಿ.

ರಿಪೇರಿಯಾದ ಮೇಲೆ ಎಂಜಿನ್ ಕೋಣೆಯಲ್ಲಿರುವ ಕೂಲಂಟ್ ಡಬ್ಬಿಯ ಮೇಲೆ ಮಟ್ಟಕ್ಕೊಂದು ಗೆರೆ ಎಳೆದಿಡಿ. ವಾರವಿಡೀ ಬೆಳಗ್ಗೆ ನೋಡಿ. ಹೊರಗೆಲ್ಲೂ ಸೋರದೆ ಮಟ್ಟ ಇಳಿಯುತ್ತಿದ್ದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಎಂಜಿನ್ನಿನ ತಲೆಭಾಗದ ಸಂದನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯಿದೆ. ಆ ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.