ಟ್ರಕ್ ಬಾಗಿಲಿನ ಅಕ್ಷರ ಸರಿ ಮಾಡಿದ ಕಥೆ

ಅಮೆರಿಕದಲ್ಲಿ ಹಳೇ ಟ್ರಕ್ ಒಂದನ್ನು ಕೊಂಡು ರಾಜ್ಯದಿಂದ ರಾಜ್ಯಕ್ಕೆ ಲೋಡ್ ಸಾಗಿಸುತ್ತಿದ್ದೇನೆ. ಹೋದ ತಿಂಗಳು ತಪಾಸಣೆಯಲ್ಲಿ ಸಿಕ್ಕಿಬಿದ್ದೆ. ಬ್ರೇಕು, ಟೈರು ಎಲ್ಲ ಸರಿ ಇತ್ತು. ತಪ್ಪು ಬಾಗಿಲಿನ ಅಕ್ಷರದ್ದು!

ಕಡು ಬೂದು ಬಾಗಿಲಿಗೆ ನನ್ನ ಹೆಸರು, ನಂಬರನ್ನು ಕಪ್ಪು ಅಕ್ಷರದಲ್ಲಿ ಅಂಟಿಸಿದ್ದೆ. ಚೆನ್ನಾಗಿ ಕಾಣುತ್ತಿತ್ತು, ಓದಲು ಆಗುತ್ತಿರಲಿಲ್ಲ ಅಷ್ಟೇ. ಸಾಲದ್ದಕ್ಕೆ ಹಳೇ ಮಾಲೀಕರ ಹೆಸರೂ ಕೆಳಗೆ ಹಾಗೇ ಇತ್ತು.

ಫೆಡರಲ್ ನಿಯಮ 390.21 ತೆಗೆದು ಓದಿದೆ. ಸಾಗಣೆದಾರರು ಸರ್ಕಾರಕ್ಕೆ ತಮ್ಮ ವಿವರ ಕೊಡುವ ಎಂಸಿಎಸ್-150 ಫಾರ್ಮ್‌ನಲ್ಲಿ ಇರುವ ಹೆಸರೇ ಬಾಗಿಲ ಮೇಲೂ ಇರಬೇಕು. 'ಯುಎಸ್‌ಡಾಟ್' (ಅಮೆರಿಕದ ಸಾರಿಗೆ ಇಲಾಖೆಯ ಚಿಕ್ಕ ಹೆಸರು) ಎಂದು ಬರೆದು ನಂತರ ಆ ಇಲಾಖೆ ಕೊಟ್ಟ ನಂಬರ್. ಎರಡೂ ಬದಿಯಲ್ಲಿ, ಎದ್ದು ಕಾಣುವ ಬಣ್ಣದಲ್ಲಿ. ಗಾಡಿ ನಿಂತಿರುವಾಗ ಹಗಲಲ್ಲಿ 50 ಅಡಿಯಿಂದ ಓದಲು ಬರಬೇಕು. ಅಕ್ಷರ 2 ಇಂಚು ಇರಲೇಬೇಕು ಅಂತ ಜನ ಹೇಳುತ್ತಾರೆ. ಈ ನಿಯಮದಲ್ಲಿ ಇಂಚಿನ ಲೆಕ್ಕವೇ ಇಲ್ಲ! ಬೇರೆ ಹೆಸರೂ ಇದ್ದರೆ ಗಾಡಿ ನಡೆಸುವ ಸಾಗಣೆದಾರರ ಹೆಸರಿಗೆ ಮೊದಲು 'ಆಪರೇಟೆಡ್ ಬೈ' ಅಂತ ಹಾಕಬೇಕು. ಅದರ ಬದಲು ಹಳೇದನ್ನು ಕೀಳುವುದೇ ಸುಲಭ ಅಂದುಕೊಂಡೆ.

ಸುಲಭವೇನೂ ಆಗಲಿಲ್ಲ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಉಗುರಿನಿಂದ ಮೂಲೆ ಎಬ್ಬಿಸಿ, ಒಂದೊಂದೇ ಅಕ್ಷರ ಎಳೆದೆ. ಉಳಿದ ಅಂಟು ಸ್ಪಿರಿಟ್ ಹಚ್ಚಿದ ಮೇಲೆಯೇ ಬಿಟ್ಟಿತು. ಆಮೇಲೆ ಸೋಪಿನ ನೀರು ಚಿಮುಕಿಸಿ ಬಿಳಿ ವಿನೈಲ್ ಅಕ್ಷರ ಇಟ್ಟೆ. ಒದ್ದೆ ಇದ್ದಾಗ ಜಾರಿಸಿ ನೇರ ಮಾಡಬಹುದು, ಅಲ್ವಾ?

ಟೇಪ್ ಹಿಡಿದು 50 ಅಡಿ ಅಳೆದು ಹೆಂಡತಿಯನ್ನು ಅಲ್ಲಿ ನಿಲ್ಲಿಸಿದೆ. ಗಡಗಡ ಓದಿದಳು. ತಪಾಸಣೆ ವರದಿಗೆ ಸಹಿ ಹಾಕಿ 15 ದಿನದೊಳಗೆ ವಾಪಸ್ ಕಳಿಸಬೇಕಿತ್ತು, ಅದನ್ನು ಅವತ್ತೇ ಪೋಸ್ಟ್ ಮಾಡಿದೆ.