ಹಳೆಯ ಉಪಕರಣಗಳಿಂದ ನಿಂತುಹೋದ ಬಿಲ್ಡ್: ನನ್ನ ಅನುಭವ

ಶಿರಸಿಯ ನಮ್ಮ ಮನೆಯ ಗಣಕದಲ್ಲಿರುವುದು ಉಬುಂಟು 18.04 ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆ. ಅಡಿಕೆ ವ್ಯಾಪಾರದ ಹಳೆಯ ಚೀಟಿಗಳ ಚಿತ್ರಗಳನ್ನು ವಿಂಗಡಿಸುವ ತಂತ್ರಾಂಶವೊಂದನ್ನು ಮೂಲ ಕೋಡ್‌ನಿಂದ ಬಿಲ್ಡ್ ಮಾಡಲು, ಅಂದರೆ ಚಲಾಯಿಸಬಲ್ಲ ರೂಪಕ್ಕೆ ತರಲು ಹೊರಟಾಗ, ಬಿಲ್ಡ್ ಕೆಲಸವನ್ನು ನಿರ್ದೇಶಿಸುವ ಸಿಮೇಕ್ ಎಂಬ ಉಪಕರಣದ 3.16 ಆವೃತ್ತಿ ಬೇಕು, ಇಲ್ಲಿರುವುದು 3.10.2 ಎಂಬ ಸಂದೇಶ ಬಂದು ಕೆಲಸ ನಿಂತಿತು. ಬಿಲ್ಡ್ ಸೂಚನೆಗಳ ಕಡತದಲ್ಲಿರುವ ಆ ಸಂಖ್ಯೆಯನ್ನೇ ತಿದ್ದಿ ಮುಂದುವರಿಯುವುದು ನನಗೆ ಸರಿಕಾಣಲಿಲ್ಲ.

ವರ್ಚುವಲ್ ಎನ್ವಿರಾನ್‌ಮೆಂಟ್ ಒಂದರಲ್ಲಿ (ಉಳಿದ ವ್ಯವಸ್ಥೆಯಿಂದ ಬೇರ್ಪಟ್ಟ ಪೈಥಾನ್ ಜಾಗ), ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್ ಮೂಲಕ ಹೊಸ ಸಿಮೇಕ್ ಹಾಕಲು ಯತ್ನಿಸಿದೆ, ಅದೂ ವಿಫಲವಾಯಿತು. ಅಲ್ಲಿದ್ದ ಪಿಪ್ 9 ಇಂದಿನ ಸಿದ್ಧ ಪ್ಯಾಕೇಜುಗಳ ವಿನ್ಯಾಸವನ್ನು ಗುರುತಿಸಲಾರದೆ, ಸಿಮೇಕನ್ನೇ ಮೂಲದಿಂದ ಕಟ್ಟಲು ಹೊರಟು, ಎಸ್‌ಕೆಬಿಲ್ಡ್ ಎಂಬ ಮಾಡ್ಯೂಲ್ ಇಲ್ಲವೆಂದು ನಿಲ್ಲುತ್ತಿತ್ತು. ದೋಷ ಸಿಮೇಕ್‌ನದೆಂದು ಭಾವಿಸಿ ನಾನು ಎರಡು ಸಂಜೆ ಕಳೆದಿದ್ದೆ. ಮೊದಲು ಪಿಪ್ ಅನ್ನು ಮೇಲ್ದರ್ಜೆಗೇರಿಸಿದೊಡನೆ ಸಿಮೇಕ್ ಸಲೀಸಾಗಿ ಬಂದಿತು.

ಬಳಿಕ ಫೈಲ್‌ಸಿಸ್ಟಮ್ ಹೆಡರ್ (ಕಡತ, ಫೋಲ್ಡರುಗಳನ್ನು ನಿರ್ವಹಿಸಲು ಸಿ++ ಕೋಡ್ ಸೇರಿಸಿಕೊಳ್ಳುವ ಕಡತ) ಸಿಗಲಿಲ್ಲ. ಇಲ್ಲಿದ್ದ ಕಂಪೈಲರ್, ಅಂದರೆ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ, ಜಿಸಿಸಿ 7. ಅದರಲ್ಲಿ ಈ ಹೆಡರ್ ಪ್ರಯೋಗಾತ್ಮಕ ರೂಪದಲ್ಲಿ ಮಾತ್ರ ಇದೆ. ಜಿಸಿಸಿ 8 ಹಾಕಿ, ಬಿಲ್ಡ್‌ನ ಭಾಗಗಳನ್ನು ಜೋಡಿಸುವ ಲಿಂಕ್ ಹಂತದಲ್ಲಿ ಎಸ್‌ಟಿಡಿಸಿ‌++ಎಫ್‌ಎಸ್ ಲೈಬ್ರರಿಯನ್ನೂ ಸೇರಿಸಿದೆ. ಜಿಸಿಸಿ 9ರಿಂದ ಈ ಸೇರ್ಪಡೆ ಬೇಕಿಲ್ಲ. ಆದರೂ ಹಳೆಯ ದೋಷವೇ ಮರುಕಳಿಸಿತು, ಏಕೆಂದರೆ ಸಿಮೇಕ್ ತನ್ನ ಕ್ಯಾಶ್ ಕಡತದಲ್ಲಿ ಮೊದಲಿನ ಕಂಪೈಲರನ್ನೇ ನೆನಪಿಟ್ಟುಕೊಂಡಿತ್ತು. ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಮತ್ತೆ ಆರಂಭಿಸಿದೆ. ಮಳೆಗೆ ಕರೆಂಟ್ ಹೋಗುವುದಕ್ಕೆ ಮೊದಲೇ ಬಿಲ್ಡ್ ಮುಗಿಯಿತು.