ಹೆಸರು ಮೊದಲು, ಐಡಿಪಿ ಕೊನೆಗೆ

ಗಂಗಾವತಿಯ ಅಕ್ಕಿ ಗಿರಣಿಯ ಸಾವ್ಕಾರರೊಬ್ಬರು ಇಟಲಿಯಲ್ಲಿ ತಾವೇ ಕಾರು ಓಡಿಸಬೇಕೆಂದು ನನ್ನ ಅಂಗಡಿಗೆ ಬಂದಾಗ, ನಮ್ಮ ಕಸುಬಿನ ಗೆಳೆಯರೆಲ್ಲ ನಕ್ಕಿದ್ದರು. ಹೊಸಪೇಟೆಯಲ್ಲಿ ಟ್ರಾವೆಲ್ಸ್ ನಡೆಸುವ ಹಿರಿಯರೊಬ್ಬರಂತೂ, "ಅಲ್ರೀ, ಇದು ಬೆಂಗಳೂರಿನ್ಯಾಗ ಆಗೋ ಕೆಲಸ. ನಮ್ಮ ಕಡಿ ಮಂದಿ ಲೈಸೆನ್ಸ್ ನೋಡಿದ್ರ ಅಲ್ಲಿಯವ್ರು ಕೀಲಿ ಕೊಡ್ತಾರೇನ್ರೀ?" ಎಂದು ಕೇಳಿದ್ದರು. ಅವರ ಅನುಮಾನಕ್ಕೆ ಕಾರಣವಿತ್ತು, ಏಕೆಂದರೆ ಅದಕ್ಕೂ ಮೊದಲು ನಾನು ಎರಡು ಬಾರಿ ಕೈ ಸುಟ್ಟುಕೊಂಡಿದ್ದೆ. ಈಗ ಮೂರು ವರ್ಷಗಳಲ್ಲಿ ಸುಮಾರು 25 ಐಡಿಪಿ, ಅಂದರೆ ವಿದೇಶದಲ್ಲಿ ವಾಹನ ಓಡಿಸಲು ನಮ್ಮ ಸರ್ಕಾರ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಮಾಡಿಸಿದ್ದೇನೆ. ಸಾವ್ಕಾರರ ಕಡತದಿಂದ ಈಚೆಗೆ ಒಬ್ಬರೂ ಬಾಡಿಗೆ ಕಾರಿನ ಕೌಂಟರಿನಿಂದ ಬರಿಗೈಯಲ್ಲಿ ಮರಳಿಲ್ಲ. ಸಾರಥಿ ಪೋರ್ಟಲ್ (ಲೈಸೆನ್ಸ್ ಕೆಲಸಗಳ ಸರ್ಕಾರಿ ಜಾಲತಾಣ), ನಮೂನೆ 4ಎ (ಐಡಿಪಿಯ ಅರ್ಜಿ), ಸಾವಿರ ರೂಪಾಯಿ ಶುಲ್ಕ ಇವೆಲ್ಲ ಗೊತ್ತಿರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ಸೋಲು ನನ್ನ ಸೋದರಮಾವನ ಮಗನದು. ಆತನ ಗ್ರೀಸ್ ಪ್ರವಾಸಕ್ಕೆ ಸಮಯ ಕಡಿಮೆಯಿದ್ದುದರಿಂದ, ಮನೆಬಾಗಿಲಿಗೇ ಬರುತ್ತದೆಂದು ಹೇಳಿಕೊಂಡ ಒಂದು ಜಾಲತಾಣಕ್ಕೆ ಐದೂವರೆ ಸಾವಿರದಷ್ಟು ಕಟ್ಟಿ 'ಅಂತರರಾಷ್ಟ್ರೀಯ ಲೈಸೆನ್ಸ್' ತರಿಸಿದೆ. ಬಂಗಾರದ ಬಣ್ಣದ ಅಕ್ಷರ, ಹತ್ತು ಭಾಷೆಗಳ ಪುಸ್ತಕ, ಮೂರು ವರ್ಷದ ಅವಧಿ, ಜೊತೆಗೊಂದು ಪ್ಲಾಸ್ಟಿಕ್ ಕಾರ್ಡು. ನೋಡಲು ಸರ್ಕಾರದ್ದಕ್ಕಿಂತ ಚೆಂದ. ಅಥೆನ್ಸ್ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಒಂದು ಬಾರಿ ತಿರುಗಿಸಿ ನೋಡಿ ವಾಪಸ್ಸು ಸರಿಸಿದಳಂತೆ. ಮುಂಗಡ ಕಟ್ಟಿದ ಬಾಡಿಗೆ, ಬದಲಿ ಬಸ್ಸು, ದೋಣಿ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು, ಅದರಲ್ಲಿ ಅರ್ಧವನ್ನು ನಾನೇ ತುಂಬಿಕೊಟ್ಟೆ. ನಮ್ಮ ದೇಶವು 1949ರ ಜಿನೀವಾ ಒಪ್ಪಂದದಂತೆ ಐಡಿಪಿ ಕೊಡುತ್ತದೆ. ಅದು ಒಂದು ವರ್ಷ ಅಥವಾ ಮೂಲ ಲೈಸೆನ್ಸಿನ ಅವಧಿ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಮೂರು ವರ್ಷ ಎಂದು ಅಚ್ಚಾಗಿದ್ದ ಆ ಪುಸ್ತಕವನ್ನು ನೋಡಿದ ಕೂಡಲೇ ನನಗೆ ಅನುಮಾನ ಬರಬೇಕಿತ್ತು.

ಎರಡನೆಯದು ಇನ್ನೂ ನಾಚಿಕೆಯ ಸಂಗತಿ. ದುಬೈಗೆ ಹೊರಟಿದ್ದ ಗ್ರಾಹಕರೊಬ್ಬರಿಗೆ ಸರ್ಕಾರದ ಐಡಿಪಿಯನ್ನೇ, ಯುಗಾದಿಗೆ ಮೊದಲೇ, ಬಹಳ ಚುರುಕಾಗಿ ಮಾಡಿಸಿಕೊಟ್ಟೆ. ಅವರ ಪ್ರಯಾಣ ಮುಂದಕ್ಕೆ ಹೋಗಿ ಹೋಗಿ ಮರುವರ್ಷದ ಮೇ ತಿಂಗಳಿಗೆ ಬಂದು ನಿಂತಿತು. ಅವಧಿಯನ್ನು ಎಣಿಸುವುದು ಕೊಟ್ಟ ದಿನದಿಂದಲೇ ಹೊರತು ಪ್ರಯಾಣದ ದಿನದಿಂದ ಅಲ್ಲ ಎಂಬುದು ಗೊತ್ತಿದ್ದೂ ಮರೆತಿದ್ದೆ. ಸಾಲದ್ದಕ್ಕೆ ಅವರ ಬಳಿ ಇದ್ದುದು ಡೆಬಿಟ್ ಕಾರ್ಡು ಮಾತ್ರ. ಖಾತೆಯಲ್ಲಿ ಎರಡು ಲಕ್ಷವಿದ್ದರೂ ಕಾರಿನ ಠೇವಣಿ ತಡೆಹಿಡಿಯಲು ಕ್ರೆಡಿಟ್ ಕಾರ್ಡೇ ಬೇಕೆಂದು ಅಲ್ಲಿಯ ಬಾಡಿಗೆ ಕಂಪನಿಯವರು ಪಟ್ಟು ಹಿಡಿದರು.

ಸಾವ್ಕಾರರ ಕಡತವನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಮಾಡಿದ್ದು ಐಡಿಪಿ ಅರ್ಜಿಯನ್ನಲ್ಲ. ಅವರ ಪಾಸ್‌ಪೋರ್ಟ್, ಲೈಸೆನ್ಸ್ ಮತ್ತು ಕ್ರೆಡಿಟ್ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಉಪನಾಮದ ಜಾಗದಲ್ಲಿ ಪೂರ್ತಿಯಾಗಿ ಕುಳಿತಿತ್ತು. ಲೈಸೆನ್ಸಿನಲ್ಲಿ ಅದೇ ಹೆಸರು ಒಂದೇ ಅಕ್ಷರದ ಇನಿಷಿಯಲ್ ಆಗಿ ಕೊನೆಗೆ ಅಂಟಿಕೊಂಡಿತ್ತು. ಕಾರ್ಡಿನ ಮೇಲೆ ಅವರ ಹೆಸರೇ ಇರಲಿಲ್ಲ, ಗಿರಣಿಯ ಹೆಸರಿತ್ತು. ಬಾಡಿಗೆ ಕಾರಿನ ಕೌಂಟರಿನವನಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಐಡಿಪಿಯ ಮೇಲೆ ಬರುವ ಹೆಸರು ಲೈಸೆನ್ಸಿನಿಂದಲೇ ಬರುವುದರಿಂದ, ತಪ್ಪನ್ನು ಹಾಗೆಯೇ ಬಿಟ್ಟಿದ್ದರೆ ನಾಲ್ಕನೆಯ ಮನುಷ್ಯನೊಬ್ಬ ಹುಟ್ಟಿಕೊಳ್ಳುತ್ತಿದ್ದ.

ಯಾವುದನ್ನು ತಿದ್ದಬೇಕೆಂಬುದರಲ್ಲಿಯೇ ಹಣದ ಲೆಕ್ಕ ಅಡಗಿದೆ. ವೀಸಾ ಅಂಟಿರುವ ಪಾಸ್‌ಪೋರ್ಟನ್ನು ಮುಟ್ಟಬಾರದು. ಅದಕ್ಕೆ ಹೊಂದುವಂತೆ ಲೈಸೆನ್ಸಿನ ಹೆಸರನ್ನು ಸಾರಥಿಯಲ್ಲಿ ತಿದ್ದಿಸಬೇಕು. ಆದರೆ ಸಾವ್ಕಾರರ ಲೈಸೆನ್ಸು ಅವರ ಹರೆಯದಲ್ಲಿ ಬೇರೊಂದು ಜಿಲ್ಲೆಯಲ್ಲಿ ಮಾಡಿಸಿದ ಹಳೆಯ ಪುಸ್ತಕದ ಕಾಲದ್ದಾಗಿತ್ತು, ಸಂಖ್ಯೆ ಹಾಕಿದರೆ ಸಾರಥಿಯಲ್ಲಿ ವಿವರವೇ ಬರುತ್ತಿರಲಿಲ್ಲ. ಹಳೆಯ ದಾಖಲೆಯನ್ನು ಗಣಕಕ್ಕೆ ಸೇರಿಸುವ ಬ್ಯಾಕ್‌ಲಾಗ್ ಕೆಲಸಕ್ಕಾಗಿ ಮೂರು ಬಾರಿ ಬಸ್ಸು ಹತ್ತಿದೆ, ಐದು ವಾರ ಕಳೆಯಿತು. ಆಮೇಲೆ ವಿಳಾಸವನ್ನು ನಮ್ಮ ಕೊಪ್ಪಳ ಜಿಲ್ಲೆಯ ಕೆಎ-37 ವ್ಯಾಪ್ತಿಗೆ ಬದಲಾಯಿಸಿ, ಹೆಸರು ತಿದ್ದಿಸಿ, ಅವಧಿ ಇನ್ನು ಏಳು ತಿಂಗಳಿದ್ದರೂ ನವೀಕರಣವನ್ನೂ ಮುಗಿಸಿದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅವಕಾಶವಿದೆ, ಹಾಗೆ ಮಾಡದಿದ್ದರೆ ಐಡಿಪಿಯೂ ಏಳೇ ತಿಂಗಳಿಗೆ ಸಾಯುತ್ತಿತ್ತು. ಹೆಸರು ತಿದ್ದುಪಡಿಗೆ ಕೊಟ್ಟ ಅಫಿಡವಿಟ್ಟಿನ ಒಕ್ಕಣೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಎರಡು ಅರ್ಜಿಗಳು ತಿರಸ್ಕಾರಗೊಳ್ಳಬೇಕಾಯಿತು, ಮತ್ತು ನನ್ನ ಅನ್ನ ಸದ್ಯಕ್ಕೆ ಅದರಲ್ಲಿಯೇ ಇದೆ. ಬ್ಯಾಂಕಿನಿಂದ ಸ್ವಂತ ಹೆಸರಿನ ಕ್ರೆಡಿಟ್ ಕಾರ್ಡು ಬರಲು ಇಪ್ಪತ್ತು ದಿನ ಹಿಡಿಯಿತು.

ಇಷ್ಟಾದ ಮೇಲೆ ಐಡಿಪಿ ಎಂಬುದು ಬಹಳ ಸಣ್ಣ ಕೆಲಸ. 2021ರ ಜನವರಿಯ ಅಧಿಸೂಚನೆಯಿಂದ ವೈದ್ಯಕೀಯ ಪ್ರಮಾಣಪತ್ರ ಮತ್ತು ವೀಸಾದ ಷರತ್ತು ಹೋಗಿದೆ. 2022ರ ಆಗಸ್ಟ್‌ನ ಅಧಿಸೂಚನೆಯಿಂದ ದೇಶಕ್ಕೆಲ್ಲ ಒಂದೇ ನಮೂನೆ, ಮೂಲ ಲೈಸೆನ್ಸಿಗೆ ಕೊಂಡಿಯಾಗುವ ಕ್ಯೂಆರ್ ಕೋಡ್ ಬಂದಿದೆ. ಬೆಂಗಳೂರಿನ ಏಜೆಂಟರೊಬ್ಬರು ಐದು ಸಾವಿರ ಕೇಳಿದ್ದ ಕೆಲಸ ಅಂಚೆ, ಜೆರಾಕ್ಸ್ ಸೇರಿ ಸಾವಿರದ ಮುನ್ನೂರರೊಳಗೆ ಮುಗಿಯಿತು. ಪ್ರಯಾಣಕ್ಕೆ ಸರಿಯಾಗಿ ಆರು ವಾರ ಮೊದಲು ಅರ್ಜಿ ಹಾಕುವುದು ಈಗ ನನ್ನ ಕಟ್ಟುನಿಟ್ಟು.

ನಡುವೆ ನಾವು ಮಾಡಿದ ಒಂದು ಪ್ರಯೋಗವನ್ನೂ ಹೇಳಬೇಕು. ಇಟಲಿಯಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಸಾಗುತ್ತವೆ. ಹೀಗಾಗಿ ಬೆಳಗಿನ ಐದೂವರೆಗೆ, ಹಮಾಲರು ಬರುವ ಮೊದಲು, ಗಿರಣಿಯ ಭತ್ತ ಒಣಗಿಸುವ ಅಂಗಳದಲ್ಲಿ ಖಾಲಿ ಗೋಣಿಚೀಲಗಳನ್ನು ಸಾಲಾಗಿ ಹಾಸಿ ನಡುಗೆರೆ ಮಾಡಿದೆವು, ತೌಡಿನ ಚೀಲಗಳನ್ನು ಗುಂಡಗೆ ಪೇರಿಸಿ ಒಂದು ವೃತ್ತ ಮಾಡಿದೆವು. ಸಾವ್ಕಾರರು ತಮ್ಮ ಇನ್ನೋವಾದಲ್ಲಿ ವೃತ್ತವನ್ನು ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುತ್ತಿದ್ದರೆ, ಅವರ ಶ್ರೀಮತಿಯವರು ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತು ತಪ್ಪು ಎಣಿಸುತ್ತಿದ್ದರು. ಮೊದಲ ದಿನ ಹದಿಮೂರು, ನಾಲ್ಕನೆಯ ದಿನ ಒಂದು. ಆದರೆ ಈ ಪ್ರಯೋಗ ಅರ್ಧ ಕೆಟ್ಟಿತು. ನಮ್ಮ ಕಾರಿನ ಸ್ಟಿಯರಿಂಗ್ ಬಲಗಡೆ ಇರುವುದರಿಂದ, ಬಲಕ್ಕೆ ಓಡಿಸುವಾಗ ಚಾಲಕ ರಸ್ತೆಯ ಅಂಚಿಗೆ ಬರುತ್ತಾನೆ; ಅಲ್ಲಿಯ ಕಾರಿನಲ್ಲಾದರೆ ಅವನು ನಡುಗೆರೆಯ ಪಕ್ಕ ಇರಬೇಕು. ವೃತ್ತ ಸುತ್ತುವ ದಿಕ್ಕು ಮೈಗೂಡಿತು, ಕೂರುವ ಜಾಗದ ಅಂದಾಜು ಉಲ್ಟಾ ಆಯಿತು. ಮೊದಲ ದಿನ ರೋಮ್ ವಿಮಾನ ನಿಲ್ದಾಣದಿಂದ ಹೊರಬಿದ್ದ ಮೇಲೆ ಬಲಗಡೆಯ ಕನ್ನಡಿ ಎರಡು ಸಲ ಗಿಡಗಂಟಿಗೆ ಸವರಿತಂತೆ. ಆಮೇಲೆ ಶ್ರೀಮತಿಯವರು, "ನಡುಗೆರಿ ನಿಮ್ಮ ಕಡಿ ಇರ್ಲಿ, ಅಂಚು ನನ್ನ ಕಡಿ ಇರ್ಲಿ" ಎಂದು ಹೇಳುತ್ತ ಕುಳಿತರು. ಈಗ ಗ್ರಾಹಕರಿಗೆ ನಾನು ಅಂಗಳದ ಅಭ್ಯಾಸದ ಬದಲು ಆ ಒಂದು ಮಾತನ್ನೇ ಬರೆದುಕೊಡುತ್ತೇನೆ.

ಕೌಂಟರಿನಲ್ಲಿ ಐಡಿಪಿ, ಮೂಲ ಲೈಸೆನ್ಸು, ಪಾಸ್‌ಪೋರ್ಟ್, ಕಾರ್ಡು ನಾಲ್ಕನ್ನೂ ಒಟ್ಟಿಗೆ ಇಟ್ಟಾಗ ಹತ್ತು ನಿಮಿಷದಲ್ಲಿ ಕೀಲಿ ಸಿಕ್ಕಿತು. ಮೂಲ ಲೈಸೆನ್ಸಿಲ್ಲದ ಐಡಿಪಿ ಬರೀ ಕಾಗದ. ಅದನ್ನು ಮನೆಯಲ್ಲಿ ಬಿಟ್ಟು ಹೋಗುವವರು ಇನ್ನೂ ಇದ್ದಾರೆ. ಒಂಬತ್ತು ದಿನದ ಬಾಡಿಗೆ ನೆನಪಿನಂತೆ 420 ಯೂರೋ, ತಡೆಹಿಡಿದ ಠೇವಣಿ 1,100 ಯೂರೋ, ಅಂದಿನ ದರದಲ್ಲಿ ಲಕ್ಷ ರೂಪಾಯಿಯ ಆಸುಪಾಸು. ಕಾರು ಪಡೆಯುವಾಗ ಚಕ್ರದ ರಿಮ್‌ಗಳನ್ನೂ ಬಂಪರಿನ ಕೆಳಭಾಗವನ್ನೂ ವಿಡಿಯೋ ಮಾಡಿಸಿದ್ದರಿಂದ ಗೀರಿನ ವಾದ ಐದು ನಿಮಿಷದಲ್ಲಿ ಮುಗಿಯಿತು. ಠೇವಣಿ ಹದಿನೆಂಟು ದಿನಗಳ ನಂತರ ಬಿಡುಗಡೆಯಾಯಿತು.

ತಪ್ಪಿದ್ದು ಒಂದೇ ಕಡೆ. ಇಟಲಿಯ ಹಳೆಯ ಪೇಟೆಗಳಲ್ಲಿ ಜೆಡ್‌ಟಿಎಲ್ ಎಂಬ ನಿರ್ಬಂಧಿತ ವಲಯಗಳಿವೆ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದರೆ ಮುಗಿಯಿತು. ವಲಯದೊಳಗಿನ ಹೋಟೆಲಿಗೆ ಮೊದಲೇ ಪ್ಲೇಟ್ ಸಂಖ್ಯೆ ಕಳಿಸಿದರೆ ಅವರು ನೋಂದಾಯಿಸುತ್ತಾರೆ. ಫ್ಲಾರೆನ್ಸಿನ ಹೋಟೆಲಿಗೆ ಕಳಿಸಿದ್ದೆವು. ಆದರೆ ಸಾವ್ಕಾರರು ಬೇರೊಂದು ಊರಿನಲ್ಲಿ ಐಸ್‌ಕ್ರೀಮಿಗೆಂದು ಹೋದ ಗಲ್ಲಿಗೆ ಯಾರು ನೋಂದಾಯಿಸಬೇಕು? ಮೊದಲು ಬಾಡಿಗೆ ಕಂಪನಿ ಚಾಲಕನ ವಿವರವನ್ನು ಪೊಲೀಸರಿಗೆ ಕೊಟ್ಟ ಖರ್ಚೆಂದು ಕಾರ್ಡಿನಿಂದ 45 ಯೂರೋ ಎಳೆಯಿತು. ದಂಡದ ಕಾಗದ ಏಳು ತಿಂಗಳ ಮೇಲೆ ಬಂತು. ವಿದೇಶಿಯರಿಗೆ ಅದನ್ನು ಕಳಿಸಲು ಅವರ ಕಾನೂನಿನಲ್ಲಿ 360 ದಿನಗಳ ಅವಕಾಶವಿದೆ. ಐದು ದಿನದೊಳಗೆ ಕಟ್ಟಿದರೆ ಶೇಕಡಾ 30 ರಿಯಾಯಿತಿ ಇರುವುದರಿಂದ ಬಂದ ದಿನವೇ ನನ್ನ ಅಂಗಡಿಯಲ್ಲಿ ಕುಳಿತು ಕಟ್ಟಿದೆವು.

ಜಪಾನಿನ ಕಡತವೂ ಈಚೆಗೆ ಗೆದ್ದಿತು. ಅಲ್ಲಿ 1949ರ ನಮೂನೆಯ ಐಡಿಪಿಗೆ ಮಾತ್ರ ಬೆಲೆ. ಆ ನಮೂನೆಯಿಲ್ಲದ ಜರ್ಮನಿಯವರು ತಮ್ಮ ಲೈಸೆನ್ಸಿನ ಜಪಾನಿ ಅನುವಾದ ಮಾಡಿಸಬೇಕು, ನಮ್ಮ ಕೊಪ್ಪಳ ಜಿಲ್ಲೆಯವರು ಐಡಿಪಿಯ ಬೂದು ಪುಸ್ತಕ ತೋರಿಸಿ ಕಾರು ಪಡೆದರು. ಅಲ್ಲಿ ಎಡಗಡೆಯ ಸಂಚಾರವೇ ಇರುವುದರಿಂದ ಗೋಣಿಚೀಲದ ಗೊಡವೆಯೂ ಇರಲಿಲ್ಲ. ಚೀನಾಕ್ಕೆ ಕೇಳಿಕೊಂಡು ಬಂದವರನ್ನು ಮಾತ್ರ ಹಿಂದಕ್ಕೆ ಕಳಿಸಿದೆ. ಅಲ್ಲಿ ಐಡಿಪಿ ನಡೆಯುವುದಿಲ್ಲ.

ಹೊಸಪೇಟೆಯ ಆ ಹಿರಿಯರು ಕಳೆದ ತಿಂಗಳು ಇಬ್ಬರು ಗ್ರಾಹಕರನ್ನು ನನ್ನಲ್ಲಿಗೇ ಕಳಿಸಿದ್ದಾರೆ. ಒಬ್ಬರ ಲೈಸೆನ್ಸಿನಲ್ಲಿ ಇನಿಷಿಯಲ್ ಮುಂದಿದೆ, ಇನ್ನೊಬ್ಬರದರಲ್ಲಿ ಇಲ್ಲವೇ ಇಲ್ಲ.